ಅರ್ಧ ಲೋಟದ ಕಾಯಿದೆ

ನಮ್ಮ ಕಾರ್ಖಾನೆಯ ಕೋಲ್ಡ್ ರೂಮಿನಲ್ಲಿ ಒಂದು ಬೆಲ್ಟು ಇದೆ. ಹೆಪ್ಪುಗಟ್ಟಿದ ಬಟಾಣಿ ಅದರ ಮೇಲೆ ಹರಿದು ಬರುತ್ತದೆ. ಎರಡೂ ಬದಿಗೆ ಮೂವರು ಮೂವರು ಹೆಂಗಸರು ನಿಂತು ಒಡೆದದ್ದು, ಕಪ್ಪಾದದ್ದು, ಕಡ್ಡಿ, ಸಿಪ್ಪೆ ಆರಿಸುತ್ತಾರೆ. ಹದಿನೇಳು ವರ್ಷದಿಂದ ನಾನು ಅಲ್ಲಿನ ಮೇಸ್ತ್ರಿ. ನನ್ನ ಬಾಯಿಗೆ ಹೆದರಿ ಬಟಾಣಿಯೂ ಸಾಲು ತಪ್ಪದೆ ಬರುತ್ತದೆ ಎಂದು ನಮ್ಮವರು ತಮಾಷೆ ಮಾಡುತ್ತಾರೆ. ಹಿಂದೆಲ್ಲ ಆ ಮಾತಿಗೆ ಉಬ್ಬುತ್ತಿದ್ದೆ. ಈಗ ಯಾರಾದರೂ ಅಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಒಬ್ಬಳು ಕದಲಿದರೂ ಬೆಲ್ಟು ನಿಲ್ಲಿಸಬೇಕು. ಶೌಚಕ್ಕೆ ಹೋಗಬೇಕೆಂದರೆ ಟೋಪಿ, ಮೇಲಂಗಿ, ರಬ್ಬರ್ ಗ್ಲೌಸು, ಅದರೊಳಗಿನ ಹತ್ತಿ ಗ್ಲೌಸು, ಬೂಟು ಎಲ್ಲ ಬಿಚ್ಚಬೇಕು. ಬಂದ ಮೇಲೆ ಕೈ ತೊಳೆದು ಮತ್ತೆ ಎಲ್ಲ ತೊಟ್ಟುಕೊಳ್ಳಬೇಕು. ಕಾಲು ಗಂಟೆ ಹೋಯಿತು. ಅದಕ್ಕೇ ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ವಿದ್ಯೆ ಒಂದೇ. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ನೀರು, ಆಮೇಲೆ ಊಟದ ಗಂಟೆ ಹೊಡೆಯುವವರೆಗೆ ಬಾಯಿಗೆ ಹನಿ ಸೋಕಿಸಬೇಡಿ. ಕಾರ್ಖಾನೆಯ ಯಾವ ಕಾಗದದಲ್ಲೂ ಇದಿಲ್ಲ. ಇದು ನಾನೇ ಮಾಡಿದ ಕಾಯಿದೆ.

ಈ ವಿದ್ಯೆ ಕಲಿತವರಲ್ಲಿ ಒಬ್ಬಳು ಬಂದದ್ದು ಮೂರು ವರ್ಷದ ಹಿಂದೆ. ನಲವತ್ತರ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಸಾಸಿವೆಯಷ್ಟು ಕಲ್ಲೂ ಅವಳ ಕೈ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಸಂಜೆ ಮನೆಯಲ್ಲಿ ದರ್ಜಿಯೊಬ್ಬನ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕಿಕೊಡುತ್ತಿದ್ದಳು. ಆ ಕೆಲಸದ ಮಾತು ಬಂದರೆ ಮಾತ್ರ ಅವಳ ಮುಖ ಅರಳುತ್ತಿತ್ತು. ಯಂತ್ರದ ಕಾಜಾ ಪಕ್ಕದಲ್ಲಿಟ್ಟರೆ ಯಂತ್ರಕ್ಕೇ ನಾಚಿಕೆಯಾಗಬೇಕು, ಹಾಗಿರುತ್ತಿತ್ತು ಅವಳ ಹೊಲಿಗೆ.

ಊಟದ ಹೊತ್ತಿಗೆ ಗ್ಲೌಸು ಬಿಚ್ಚಿದರೆ ಅವಳ ಬೆರಳುಗಳು ಎರಡು ಗೆಣ್ಣಿನವರೆಗೆ ಬಿಳಿಚಿಕೊಂಡಿರುತ್ತಿದ್ದವು. ಸ್ವಲ್ಪ ಹೊತ್ತಿಗೆ ನೀಲಿ, ಆಮೇಲೆ ಕೆಂಪಗಾಗಿ ಉರಿ. ಕಾಲ್ಬೆರಳದ್ದೂ ಅದೇ ಪಾಡು. "ಸುಣ್ಣದಲ್ಲಿ ಅದ್ಕೊಂಡು ಬಂದ್ಯೇನೇ?" ಎಂದು ಕೇಳಿದವಳು ನಾನೇ. ಎಲುಬಿಲ್ಲದ ನಾಲಿಗೆ. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು 'ಸುಣ್ಣ'. ಅವಳೂ ಕರೆದರೆ ಓಗೊಡುತ್ತಿದ್ದಳು.

ಒಂದು ದಿನ ಕೆಲಸ ಶುರುವಾಗುವ ಮುಂಚೆ ನನ್ನ ಹತ್ತಿರ ಬಂದಳು.

"ಅಕ್ಕಾ, ಡಾಕ್ಟ್ರಿಗೆ ತೋರಿಸ್ದೆ. ಚಳಿಗೆ ಬೆರಳಿನ ರಕ್ತನಾಳ ಬಿಗ್ಕೊಳ್ಳುತ್ತಂತೆ. ಮೈಯಲ್ಲಿ ನೀರು ಕಡಿಮೆ ಆದ್ರೆ ತುದಿಗೆ ರಕ್ತ ಬರೋದು ಇನ್ನೂ ಕಷ್ಟ ಅಂತೆ. ಆಗಾಗ ಕುಡೀತಿರು ಅಂದ್ರು."

"ಕುಡಿ. ಯಾರು ಬೇಡ ಅಂದ್ರು?"

"ಕುಡಿದ್ರೆ ಹೋಗ್ಬೇಕಾಗುತ್ತಲ್ಲಕ್ಕಾ."

"ನಿನ್ನೊಬ್ಬಳನ್ನ ಬಿಟ್ರೆ ಮಿಕ್ಕ ಐದು ಜನ ಬಾಲ ಹಿಡ್ಕೊಂಡು ಬರ್ತಾರೆ. ಫ್ಲಾಸ್ಕಲ್ಲಿ ಬೆಚ್ಚಗಿನ ನೀರು ತಂದು ಹೊರಗಡೆ ಸಿಂಕಿನ ಹತ್ರ ಇಡು. ಬಟಾಣಿ ಮೂಟೆ ಬದಲಾಯಿಸೋಕೆ ಬೆಲ್ಟು ನಿಲ್ಲಿಸಿದಾಗ ಎರಡು ನಿಮಿಷ ಸಿಗುತ್ತಲ್ಲ, ಗ್ಲೌಸು ಮಾತ್ರ ಬಿಚ್ಚಿ ಕುಡ್ಕೊಂಡು ಬಾ. ಹೋಗೋದನ್ನ ಸ್ವಲ್ಪ ತಡ್ಕೋ."

ಇದನ್ನು ಉಪಕಾರವೆಂದೇ ತಿಳಿದಿದ್ದೆ. ಮರುದಿನದಿಂದ ಫ್ಲಾಸ್ಕು ಬಂತು. ದಿನಾ ಸಂಜೆ ಎತ್ತಿ ಅಲ್ಲಾಡಿಸಿ ನೋಡುತ್ತಿದ್ದೆ. ಖಾಲಿ. "ಭೇಷ್" ಎನ್ನುತ್ತಿದ್ದೆ. ನನ್ನಷ್ಟು ಕರುಣೆಯ ಮೇಸ್ತ್ರಿ ಇನ್ನೊಬ್ಬಳಿಲ್ಲ ಎಂದು ಗಂಡನ ಮುಂದೆ ಕೊಚ್ಚಿಕೊಂಡದ್ದೂ ಉಂಟು. ಅವರು "ಹೂಂ" ಅಂದು ಪೇಪರು ತಿರುವಿದರು.

ಈ ಸಲದ ಚಳಿಗಾಲಕ್ಕೆ ಅವಳ ಬಲಗೈ ತೋರುಬೆರಳ ತುದಿಯಲ್ಲಿ ಒಂದು ಹುಣ್ಣಾಯಿತು. ಮಾಯಲಿಲ್ಲ. ಉಗುರಿನ ಅಂಚು ಕಪ್ಪಗಾಗತೊಡಗಿದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

"ದಿನಾ ಒಂದು ಫ್ಲಾಸ್ಕ್ ಖಾಲಿ ಮಾಡ್ತಾಳೆ ಡಾಕ್ಟ್ರೇ. ನಾನೇ ನೋಡಿದೀನಿ."

ಅವಳು ನೆಲ ನೋಡುತ್ತಾ ಕೂತಿದ್ದಳು.

"ಕುಡಿಯಲ್ಲ," ಎಂದಳು. "ಸಿಂಕಿಗೆ ಚೆಲ್ಲಿಬಿಡ್ತೀನಿ."

"ಯಾಕೇ?" ಎಂದೆ.

"ತಡ್ಕೊಳ್ಳಕ್ಕಾಗಲ್ಲ ಅಕ್ಕಾ. ಮೊದಲನೇ ವಾರ ಕುಡಿದೆ. ಒಂದಿನ ನಿಂತಲ್ಲೇ ಆಗೋಯ್ತು, ಬೂಟಿನೊಳಗೆ. ಸಂಜೆವರೆಗೂ ಹಾಗೇ ನಿಂತಿದ್ದೆ. ನೀವು ಅಷ್ಟು ಪ್ರೀತಿಯಿಂದ ಹೇಳಿದ್ರಿ, ಕುಡೀತಿಲ್ಲ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತೀರಿ ಅಂತ ಚೆಲ್ತಿದ್ದೆ."

ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು. ಬೆರಳಿಗೆ ಚಳಿಯೇ ಮುಖ್ಯ ಶತ್ರು, ನೀರೊಂದೇ ಕಾರಣವಲ್ಲ, ಈಕೆ ಆ ಕೋಣೆಯಲ್ಲಿ ನಿಲ್ಲಲೇಬಾರದಿತ್ತು ಎಂದರು. 'ನೀರೊಂದೇ ಕಾರಣವಲ್ಲ' ಎಂಬುದನ್ನೇ ಹಿಡಿದುಕೊಂಡು ಸಮಾಧಾನ ಪಟ್ಟುಕೊಳ್ಳಲು ಎಷ್ಟೋ ದಿನ ನೋಡಿದೆ. ಆಗಲಿಲ್ಲ. ಆ ಕೋಣೆಯಲ್ಲಿ ಅವಳನ್ನು ನಿಲ್ಲಿಸಿದವಳು ಯಾರು? ದಿನಾ ಆ ಬೆರಳು ನೋಡಿ ನಕ್ಕವಳು ಯಾರು?

ಬೆರಳ ತುದಿಯನ್ನು ತೆಗೆಯಬೇಕಾಯಿತು. ಈಗ ಸೂಜಿ ಹಿಡಿತಕ್ಕೆ ಸಿಗುವುದಿಲ್ಲ. ಕಾಜಾದ ಕೆಲಸ ದರ್ಜಿ ಬೇರೆಯವರಿಗೆ ಕೊಟ್ಟಿದ್ದಾನೆ.

ಮ್ಯಾನೇಜರ್ ಮುಂದೆ ನಿಂತು ಕಾಯಿದೆ ನನ್ನದೆಂದು ಹೇಳಿದೆ. ನನಗೇನೂ ಶಿಕ್ಷೆಯಾಗಲಿಲ್ಲ, ಬೆಲ್ಟು ಚೆನ್ನಾಗಿ ನಡೆಸುತ್ತೀರಲ್ಲ ಎಂದರು. ಈಗ ಯಾರು ಹೊರಗೆ ಹೋದರೂ ಅವರ ಜಾಗದಲ್ಲಿ ನಾನೇ ನಿಂತು ಬಟಾಣಿ ಆರಿಸುತ್ತೇನೆ. ಅವಳನ್ನು ಲೇಬಲ್ ಅಂಟಿಸುವ ಕೋಣೆಗೆ ಹಾಕಿಸಿದೆ. ಅಲ್ಲಿ ಬಿಸಿಲು ಬೀಳುತ್ತದೆ, ಚಳಿಯಿಲ್ಲ, ಬೆಲ್ಟಿಲ್ಲ. 'ಸುಣ್ಣ' ಎಂದು ಕರೆಯಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ. ಹೆಸರಿಟ್ಟವಳೇ ಹೇಳಿದರೆ ಯಾರು ಕೇಳುತ್ತಾರೆ, ಕೆಲವರು ಈಗಲೂ ಕರೆಯುತ್ತಾರೆ.

ಕಳೆದ ವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಒಂದು ದೊಡ್ಡ ಲೋಟ ನೀರು ಕೊಟ್ಟೆ. ನನ್ನ ಮುಂದೆಯೇ ಪೂರ್ತಿ ಕುಡಿದಳು. ಸದ್ಯ ಅಂದುಕೊಂಡು ನನ್ನ ಕೆಲಸಕ್ಕೆ ಬಂದೆ. ಊಟದ ಗಂಟೆಗೆ ಸ್ವಲ್ಪ ಮುಂಚೆ ಲೇಬಲ್ ಸುರುಳಿ ಬೇಕಾಗಿ ಮತ್ತೆ ಹೋದಾಗ ಅವಳು ಕಾಲಿಗೆ ಕಾಲು ಬಿಗಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನನ್ನನ್ನು ಕಂಡೊಡನೆ ಎದ್ದು ನಿಂತಳು.

"ಅಕ್ಕಾ, ಹೋಗ್ಬರ್ಲಾ?"

ಶೌಚಾಲಯದ ಬಾಗಿಲು ಅವಳ ಕುರ್ಚಿಯಿಂದ ನಾಲ್ಕು ಹೆಜ್ಜೆ. ನಾನು ಬರಲೆಂದು ಮೂರು ಗಂಟೆ ಹೊತ್ತು ಕಾದಿದ್ದಳು.