ದೊಡ್ಡ ಮೇಸ್ತ್ರಿ ಬೇಡ ಅಂದ ಕಾರು

ದೊಡ್ಡ ಮೇಸ್ತ್ರಿಗೆ ಹೊಟ್ಟೆಕಿಚ್ಚು ಅನ್ನುವುದೊಂದು ಇದೆ ಎಂದು ಆ ಮಂಗಳವಾರದವರೆಗೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಅದು ಬಿಡಿ. ಹೆಂಡತಿಯರಿಗೆ ಗೊತ್ತಿಲ್ಲದ್ದು ಏನಿದೆ?

ಬೆಳಿಗ್ಗೆ ಒಂಬತ್ತಕ್ಕೆ ಹಲ್ಲಿನ ಡಾಕ್ಟರಮ್ಮ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿದರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿದಷ್ಟು ತಗ್ಗು. ಸದ್ದು ಕೇಳಿದ್ದೇ ತಡ, ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆ ಮಾದರಿಯ ಕಾರು ಮಾಡುವ ಸದ್ದು ಅದಲ್ಲ.

“ಮೇಸ್ತ್ರಿ, ಇದನ್ನ ತಗೊಳ್ಳಲಾ ಬೇಡ್ವಾ? ನೀವು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ,” ಅಂದರು ಡಾಕ್ಟರಮ್ಮ. “ಒಳಗಿರೋದು ಬೇರೆ ಕಾರಿನ ಎಂಜಿನ್. ಕೂರಿಸಿರೋದು ನಿಮ್ಮ ತಮ್ಮ. ಮಾರ್ತಿರೋದೂ ಅವರೇ.”

ಅಷ್ಟೇ. ಮೇಸ್ತ್ರಿಯ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು.

ಡಾಕ್ಟರಮ್ಮನಿಗೆ ಐವತ್ತೆರಡು. ಕಾಲೇಜಿನ ದಿನಗಳಿಂದ ಇಂಥದ್ದೊಂದು ಕಾರಿನ ಆಸೆ. ಮಕ್ಕಳ ಓದು, ಗಂಡನ ಆಪರೇಷನ್, ಕ್ಲಿನಿಕ್ಕಿಗೆ ಹೊಸ ಕುರ್ಚಿ, ಹೀಗೆ ಒಂದಲ್ಲ ಒಂದು ಅಡ್ಡ ಬಂದು ಆಸೆ ಹಿಂದೆ ಬಿದ್ದಿತ್ತು. ಹದಿನಾಲ್ಕು ವರ್ಷದಿಂದ ಅವರು ಮೇಸ್ತ್ರಿಯನ್ನು ಕೇಳದೆ ಒಂದು ಟೈರ್ ಕೂಡ ಕೊಂಡವರಲ್ಲ. ಅವರೊಬ್ಬರೇ ಅಲ್ಲ, ಹಳೇ ಗಾಡಿ ಕೊಳ್ಳುವ ಯಾರೇ ಆಗಲಿ, ಮೊದಲು ಇವನ ಬಾಯಿಂದ ಒಂದು ಮಾತು ಬೀಳಲಿ ಎಂದು ಬಂದು ಕೂರುತ್ತಿದ್ದರು. ಮೇಸ್ತ್ರಿಗೆ ಆಸ್ತಿ ಅಂತ ಇದ್ದದ್ದು ಆ ಮಾತೇ.

ಇನ್ನು ತಮ್ಮನ ವಿಷಯ. ಗ್ಯಾರೇಜು ಕಟ್ಟಿದವನು ಅಪ್ಪ. ಅವನಿಗೆ ಓದು ಬರಹ ಬಾರದು, ಆದ್ದರಿಂದ ಪಟ್ಟಿಗಿಟ್ಟಿ ಬರೆಯುವ ಗೋಜಿಲ್ಲ. ಗಾಡಿಯ ಸುತ್ತ ಮೌನವಾಗಿ ಓಡಾಡಿ, ಕೆಟ್ಟ ಭಾಗದ ಮೇಲೆ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುವುದು, ಪ್ರಾಣಕ್ಕೇ ಸಂಚಕಾರ ತರುವಂಥದ್ದಾದರೆ ಅಡ್ಡಗೀಟು ಎಳೆಯುವುದು. “ಮೊದಲು ಸುಣ್ಣ, ಆಮೇಲೆ ಬಾಯಿ” ಎಂದು ಇಬ್ಬರು ಮಕ್ಕಳಿಗೂ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ಅಪ್ಪ ಹೋದ ಮೇಲೆ ಒಬ್ಬ ದೊಡ್ಡ ಮೇಸ್ತ್ರಿಯಾದ, ಇನ್ನೊಬ್ಬ ಚಿಕ್ಕ ಮೇಸ್ತ್ರಿ.

ಹನ್ನೆರಡು ವರ್ಷದ ಹಿಂದೆ ದೊಡ್ಡವನೂ ಒಂದು ಗಾಡಿಗೆ ಬೇರೆ ಎಂಜಿನ್ ಕೂರಿಸಿದ್ದ. “ಅಣ್ಣ, ಎಂಜಿನ್ ಹೊರೋ ಬ್ರಾಕೆಟ್ ತೆಳುವಾಯ್ತು” ಎಂದ ತಮ್ಮನಿಗೆ “ನೀನು ನಂಗೆ ಹೇಳ್ಕೊಡೋಕೆ ಬರ್ಬೇಡ” ಎಂದು ಎಲ್ಲರೆದುರು ಬೈದಿದ್ದ. ತಿಂಗಳೊಪ್ಪತ್ತಿನಲ್ಲಿ ಎಂಜಿನ್ ಒಂದು ಪಕ್ಕಕ್ಕೆ ಕುಸಿಯಿತು, ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು. ತಮ್ಮ ಆಗ “ನಾನು ಹೇಳಿರಲಿಲ್ವಾ” ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅನ್ನದೆ, ಸುಮ್ಮನೆ ಕೆಳಗೆ ಮಲಗಿ ಎಂಜಿನ್ ಬಿಚ್ಚತೊಡಗಿದನಲ್ಲ, ಅದನ್ನು ಮೇಸ್ತ್ರಿ ಇವತ್ತಿಗೂ ಕ್ಷಮಿಸಿಲ್ಲ. ಮರುವರ್ಷ ತಮ್ಮ ಊರಿನ ಇನ್ನೊಂದು ತುದಿಯಲ್ಲಿ ತನ್ನದೇ ಶೆಡ್ ಹಾಕಿಕೊಂಡ. ಮದುವೆಮನೆಯಲ್ಲಿ ಸಿಕ್ಕರೆ “ಊಟ ಆಯ್ತಾ?” “ಆಯ್ತು.” ಅಲ್ಲಿಗೆ ಮಾತು ಮುಗಿಯಿತು.

ಈಗ ಹೇಳಿ, ಹೂಂ ಅನ್ನುವುದು ಹೇಗೆ? ಅಂದರೆ, ಅಣ್ಣ ಕೈಸೋತ ಕೆಲಸವನ್ನು ತಮ್ಮ ಗೆದ್ದ ಎಂದು ತಾನೇ ಡಂಗುರ ಹೊಡೆದಂತೆ. ಊಹೂಂ ಅನ್ನಬೇಕಾದರೆ ತಪ್ಪೊಂದು ಸಿಗಬೇಕು. ಸಿಕ್ಕೇ ಸಿಗುತ್ತದೆ, ಎಲ್ಲಿ ಹೋಗುತ್ತದೆ? ಮೇಸ್ತ್ರಿ ಡಾಕ್ಟರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಬಾನೆಟ್ ಎತ್ತಿದ.

ಮೊದಲು ಬ್ರಾಕೆಟ್ಟುಗಳು. ಬೆರಳಷ್ಟು ದಪ್ಪ, ವೆಲ್ಡಿಂಗ್ ಹೊಲಿಗೆ ಹಾಕಿದಷ್ಟು ಸಮ. ಟಾರ್ಚ್ ಹಿಡಿದು ಬಿರುಕು ಹುಡುಕಿದ. ಇಲ್ಲ. ವೈರುಗಳು ಬಿಸಿ ತಾಗುವ ಕಡೆ ಸುಳಿದಿರಲಿಲ್ಲ. ಎಣ್ಣೆ ಸೋರಿಕೆ ಇಲ್ಲ. ರೇಡಿಯೇಟರ್ ದೊಡ್ಡದು ಹಾಕಿದ್ದ. ಕೆಳಗೆ ಮಲಗಿ ಗೇರ್‌ಬಾಕ್ಸಿನ ಕಡೆ ನೋಡಿದ, ಅಲ್ಲೂ ನೂಲು ಹಿಡಿದಷ್ಟು ನೇರ. ಕೊನೆಗೆ ಮೇಸ್ತ್ರಿ ಒಳಗೊಳಗೇ ನಗುತ್ತಾ ಬ್ರೇಕಿಗೆ ಬಂದ. ದೊಡ್ಡ ಎಂಜಿನ್ ಹಾಕುವ ಹುಮ್ಮಸ್ಸಿನಲ್ಲಿ ಎಲ್ಲರೂ ಮರೆಯುವುದು ಬ್ರೇಕನ್ನೇ. ಚಕ್ರ ಬಿಚ್ಚಿ ನೋಡಿದರೆ, ಹಾಳಾದವನು, ಅದನ್ನೂ ಬದಲಿಸಿದ್ದ! ಗಾಡಿಯ ಪುಸ್ತಕದಲ್ಲಿ ಹೊಸ ಎಂಜಿನ್ನಿನ ನಂಬರ್ ಕೂಡ ಸೇರಿಸಿ ಸೀಲ್ ಹಾಕಿಸಿದ್ದ.

ಎರಡು ಗಂಟೆ ಮೊಸರಲ್ಲಿ ಕಲ್ಲು ಹುಡುಕಿದರೂ ಒಂದು ಹರಳೂ ಸಿಗಲಿಲ್ಲ. ರಸ್ತೆಗೆ ಒಯ್ದು ಓಡಿಸಿದಾಗಲಂತೂ ಮೇಸ್ತ್ರಿಗೆ ಅಳುವೇ ಬಂತು. ಮೂರನೇ ಗೇರಿನಲ್ಲಿ ಅದು ಬೆನ್ನು ತಟ್ಟಿ ಮುಂದಕ್ಕೆ ಕರೆದುಕೊಂಡು ಹೋಯಿತು. ಇಷ್ಟು ವರ್ಷ ತಾನು ಕನಸಲ್ಲಿ ಕಟ್ಟಿದ್ದ ಗಾಡಿ ಇದೇ. ಕಟ್ಟಿದವನು ಮಾತ್ರ ತಾನಲ್ಲ. ಅಪ್ಪ ಇದನ್ನು ನೋಡಿದ್ದರೆ ಯಾರ ಹೆಗಲ ಮೇಲೆ ಕೈ ಹಾಕುತ್ತಿದ್ದ? ಆ ಯೋಚನೆ ಬಂದದ್ದೇ ಮೈಯೆಲ್ಲ ಉರಿದುಹೋಯಿತು.

ಗ್ಯಾರೇಜಿಗೆ ವಾಪಸು ಬಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

“ಬೇಡ ಡಾಕ್ಟರಮ್ಮ.”

“ಯಾಕೆ?”

“ಎಂಜಿನ್ ಭಾರ ಜಾಸ್ತಿ. ಬ್ರಾಕೆಟ್ ತಡೆಯಲ್ಲ. ಇವತ್ತು ಚೆನ್ನಾಗೇ ಓಡುತ್ತೆ, ಆರು ತಿಂಗಳಿಗೆ ಕೈ ಕೊಡುತ್ತೆ. ನಿಮ್ಮ ಇಷ್ಟ, ಆದ್ರೆ ನನ್ನ ಮನೆಯವರಾಗಿದ್ರೆ ನಾನು ಕೊಡಿಸ್ತಿರಲಿಲ್ಲ.”

ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಡಾಕ್ಟರಮ್ಮ “ಹೌದಾ” ಅಂದರು. ಎದ್ದು ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ಬಾನೆಟ್ಟಿನೊಳಗೆ ಬಗ್ಗಿದರು, ಚಕ್ರದ ಹತ್ತಿರ ಕೂತೆದ್ದರು. ಪಾಪ, ಆಸೆಪಟ್ಟ ಗಾಡಿ, ಬೀಳ್ಕೊಡುತ್ತಿದ್ದಾರೆ ಅಂದುಕೊಂಡ ಮೇಸ್ತ್ರಿ. ಅವರು ಹೋದ ಮೇಲೆ ಕಾಫಿ ತರಿಸಿ ಕುಡಿದ. ಗೆದ್ದೆ ಅನ್ನಿಸಬೇಕಿತ್ತು. ಕಾಫಿಯೇ ಸೇರಲಿಲ್ಲ.

ಮನೆ ಗ್ಯಾರೇಜಿನ ಮೇಲೇ. ಮಧ್ಯಾಹ್ನ ಊಟಕ್ಕೆ ಹತ್ತಿ ಹೋದರೆ ಹೆಂಡತಿಯ ಮೊದಲ ಮಾತೇ, “ಏನ್ರೀ, ಬೆಳಿಗ್ಗೆ ಡಾಕ್ಟರಮ್ಮ ತಂದಿದ್ದು ಯಾವ ಗಾಡಿ? ಎಷ್ಟು ಚೆನ್ನಾಗಿ ಸದ್ದು ಮಾಡ್ತಿತ್ತು.”

“ಯಾವುದೋ ದರಿದ್ರದ್ದು.”

“ನಿಮ್ಮ ತಮ್ಮಂದಾ?”

“ನಿಂಗ್ಯಾರು ಹೇಳಿದ್ದು?”

“ನಿಮ್ಮ ಮುಖ,” ಅಂದು ಅವಳು ಅನ್ನ ಬಡಿಸಿದಳು. “ಡಾಕ್ಟರಮ್ಮಂಗೆ ಏನಂದ್ರಿ?”

“ಬೇಡ ಅಂದೆ.”

ಅವಳು ಸೌಟು ಹಿಡಿದುಕೊಂಡೇ ನಿಂತಳು. “ಮಾವ ಹೋದಾಗಿಂದ ನಿಮ್ಮನ್ನ ನೋಡ್ತಿದೀನಿ. ಗಾಡಿ ವಿಷಯದಲ್ಲಿ ನೀವು ಒಂದು ಸುಳ್ಳು ಹೇಳಿದ್ದು ಕಂಡಿಲ್ಲ. ಇವತ್ತೂ ಇಲ್ಲ ತಾನೆ?”

ಮೇಸ್ತ್ರಿ ತಟ್ಟೆ ತಳ್ಳಿ ಎದ್ದ.

ಸಂಜೆ ಐದರ ಹೊತ್ತಿಗೆ ಮತ್ತೆ ಅದೇ ಸದ್ದು. ಕೆಂಪು ಕಾರು ಗೇಟಿನ ಮುಂದೆ ನಿಂತಿತು. ಡಾಕ್ಟರಮ್ಮ ಇಳಿದು ಬಂದರು. ಕಣ್ಣಲ್ಲಿ ಚಿಕ್ಕ ಹುಡುಗಿಯ ಹೊಳಪು ಇತ್ತು, ಮಾತು ಮಾತ್ರ ಮೆತ್ತಗಿತ್ತು.

“ತಗೊಂಡೆ ಮೇಸ್ತ್ರಿ.”

“ನಾನು ಬೇಡ ಅಂದಿದ್ನಲ್ಲ?”

“ಬೆಳಿಗ್ಗೆ ನಿಮ್ಮ ತಮ್ಮ ಒಂದು ಮಾತು ಹೇಳಿ ಕಳಿಸಿದ್ರು. ‘ನಮ್ಮಣ್ಣಂಗೆ ತೋರಿಸದೆ ತಗೋಬೇಡಿ. ಅವನ ಕೈಗೆ ಸಿಗದ ತಪ್ಪು ಇಲ್ಲ. ಆದ್ರೆ ಈ ಒಂದು ಗಾಡಿಗೆ ಅವನ ಬಾಯಿ ಕೇಳಬೇಡಿ, ಸುಣ್ಣ ನೋಡಿ. ಎಲ್ಲಿ ಗುರುತು ಹಾಕ್ತಾನೋ ಅಲ್ಲಿ ಪೂರ್ತಿ ಬಿಚ್ಚಿ ಮತ್ತೆ ಮಾಡಿಕೊಡ್ತೀನಿ’ ಅಂತ. ನಾನು ಸುತ್ತ ನೋಡಿದೆ. ಒಂದು ಗೀಟೂ ಇರಲಿಲ್ಲ.”

ಮೇಸ್ತ್ರಿಯ ಕೈ ಜೇಬಿನ ಸೀಮೆಸುಣ್ಣಕ್ಕೆ ಹೋಯಿತು. ಆ ಬ್ರಾಕೆಟ್ಟಿನ ಮೇಲೆ ಒಂದೇ ಒಂದು ಸುತ್ತು ಗೀಚಿದ್ದರೆ ಮುಗಿದಿತ್ತು. ಬಾಯಿ ಅಷ್ಟೆಲ್ಲ ಹೇಳುವಾಗಲೂ ಕೈಗೆ ಅದು ಹೊಳೆಯಲೇ ಇಲ್ಲ. ತನ್ನ ಕೈ ತನಗಿಂತ ಚೆನ್ನಾಗಿ ತಮ್ಮನಿಗೆ ಗೊತ್ತಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ಗುರುತು ಹಾಕಿದರೆ ಬಿಚ್ಚಿ ಮಾಡುತ್ತೇನೆ ಎಂದನಂತೆ! ಹನ್ನೆರಡು ವರ್ಷದ ಮೇಲೂ ಆ ಮಹಾರಾಯ ಅಣ್ಣನ ಮೇಲೆ ಇಷ್ಟು ನಂಬಿಕೆ ಇಟ್ಟುಕೊಂಡಿದ್ದನಲ್ಲ, ಅದನ್ನು ತಡೆದುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

“ಡಾಕ್ಟರಮ್ಮ, ಗಾಡಿ ಚೆನ್ನಾಗಿದೆ,” ಅಂದ ಕೊನೆಗೆ. “ನಾನು ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಹಾಗಂದೆ.”

“ಗೊತ್ತಾಯ್ತು,” ಅಂದರು ಅವರು. ಕೋಪ ಮಾಡಿಕೊಳ್ಳಲಿಲ್ಲ. ಬಾಗಿಲ ಹಿಡಿಗೆ ಕೈ ಹಾಕಿದವರು ಏನೋ ನೆನಪಾದಂತೆ ತಿರುಗಿದರು. “ಮೇಸ್ತ್ರಿ, ಹದಿನಾಲ್ಕು ವರ್ಷ ನೀವು ತಗೊಳ್ಳಿ ಅಂದಿದ್ದನ್ನ ತಗೊಂಡೆ, ಬೇಡ ಅಂದಿದ್ದನ್ನ ಬಿಟ್ಟೆ. ಅದರಲ್ಲಿ ಎಷ್ಟು ಸಲ ಹೀಗಿತ್ತು?”

“ಇದೊಂದೇ ಸಲ,” ಅಂದ ಮೇಸ್ತ್ರಿ. “ದೇವರಾಣೆ, ಇದೊಂದೇ ಸಲ ಡಾಕ್ಟರಮ್ಮ.”

ಅದು ನಿಜವಾಗಿತ್ತು. ಡಾಕ್ಟರಮ್ಮ, ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ ಅನ್ನುವವರ ಎದುರು ತಲೆಯಾಡಿಸುವ ಹಾಗೆ ಒಮ್ಮೆ ತಲೆಯಾಡಿಸಿ, ಕಾರು ಹತ್ತಿದರು.