ಮೂರು ವರ್ಷದ ಕೆಂಪು

ಬೀದಿಯವರು ಅವಳನ್ನು ಬೇರಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು ಅವಳ ಕಸುಬು. ಜೀವಮಾನವೆಲ್ಲ ಕಂಡವರ ಮಿಲ್ಲಿನ ಬಟ್ಟೆಗೆ ತೇಪೆ ಹಾಕಿದವಳಿಗೆ ಇದ್ದದ್ದು ಒಂದೇ ಆಸೆ: ನೂಲಿನಿಂದ ಬಣ್ಣದ ತನಕ ತನ್ನ ಕೈಯಲ್ಲೇ ಆದ ಒಂದು ಶಾಲು, ಅಜ್ಜಿ ಹೊದೆಯುತ್ತಿದ್ದಂಥದ್ದು. ಆ ಶಾಲಿನ ಅಂಗೈಯಗಲದ ಚೂರೊಂದು ಅವಳ ಬಳಿ ಇತ್ತು. ಅದರ ಕೆಂಪು ಇನ್ನೂ ಮಾಸಿರಲಿಲ್ಲ.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅನ್ನುತ್ತಾರೆ. ಇವಳಿಗೆ ಮದುವೆಯಾದ ಮೇಲೆಯೇ ಹಿಡಿದದ್ದು. ನೂಲಲು ಕಲಿಯುವುದರಲ್ಲೇ ಒಂದು ವರ್ಷ ಹೋಯಿತು, ನೇಯುವುದಕ್ಕೆ ಇನ್ನೆರಡು. ಮಗ್ಗಕ್ಕೆ ಸುರಿದದ್ದು ಗಂಡನ ಮಂಡಿ ಆಪರೇಷನ್ನಿಗೆ ಕೂಡಿಟ್ಟ ಹಣ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು.

"ತಗೋ, ಮಂಡಿ ಎಲ್ಲಿ ಓಡಿಹೋಗುತ್ತೆ?" ಎಂದಿದ್ದ.

"ಓಡಕ್ಕಾಗಲ್ಲ ಅಂತ ತಾನೇ ಆಪರೇಷನ್ನು!" ಎಂದು ಇವಳು ನಕ್ಕಿದ್ದಳು.

ಶಾಲು ಬೆಳ್ಳಗೆ ಮಗ್ಗದಿಂದ ಇಳಿಯಿತು. ಇನ್ನು ಬಣ್ಣ. ಆ ಕೆಂಪು ಬರುವುದು ಮಂಜಿಷ್ಠದ ಬೇರಿನಿಂದ, ಅದೂ ಬೇರಿಗೆ ಮೂರು ವರ್ಷ ತುಂಬಿದ ಮೇಲೆ. ಒಣಗಿದ ಬೇರು ಅಂಗಡಿಯಲ್ಲಿ ಸಿಗುತ್ತಿತ್ತು. ಕೊಂಡು ತಂದರೆ ತನ್ನದು ಹೇಗಾದೀತು ಎಂಬ ಹಟ ಇವಳದು. ಗಂಡ ಆರು ಹಳೇ ಎಣ್ಣೆ ಡ್ರಮ್ಮು ತಂದು ತಾರಸಿಗೇರಿಸಿದ. ಮಣ್ಣು ತುಂಬಿ ಬೇರು ನೆಟ್ಟವಳು ಸುಮ್ಮನಿರಬೇಕಲ್ಲ! ದಪ್ಪವಾಯಿತೇ, ಕೆಂಪಾಯಿತೇ ಎಂದು ಆಗಾಗ ಮಣ್ಣು ಕೆದಕಿ ನೋಡುವಳು. ಕೆದಕಿದ ಬೇರು ಕೊಳೆತುಹೋಗುತ್ತಿತ್ತು. ಹೀಗೆ ಮೂರು ಡ್ರಮ್ಮು ಅವಳ ಆತುರಕ್ಕೇ ಬಲಿಯಾದವು.

"ಇದನ್ನ ನನ್ನ ಕೈಗೆ ಸಿಗದ ಹಾಗೆ ಇಡ್ರೀ" ಎಂದು ಕೊನೆಗೆ ಮಣ್ಣು ಕೆದಕುವ ಕರಣೆಯನ್ನು ಗಂಡನಿಗೇ ಕೊಟ್ಟುಬಿಟ್ಟಳು.

ಉಳಿದ ಮೂರು ಡ್ರಮ್ಮಿನ ಬೇರು ಎರಡು ವರ್ಷ ದಾಟುವಷ್ಟರಲ್ಲಿ ಅವರು ಬಾಡಿಗೆಗಿದ್ದ ಕಟ್ಟಡ ಮಾರಾಟವಾಯಿತು. ಹೊಸ ಮಾಲೀಕನಿಗೆ ನೀರಿನ ಟ್ಯಾಂಕ್ ಕೂರಿಸಲು ತಾರಸಿ ಆ ವಾರವೇ ಖಾಲಿಯಾಗಬೇಕಿತ್ತು.

"ಇನ್ನೆಂಟು ತಿಂಗಳು ಸಾರ್, ಕೈಮುಗೀತೀನಿ."

"ಕೆಂಪು ಶಾಲು ಒಂದು ಹೊತ್ತಿನ ಊಟದ ಬೆಲೆಗೆ ಸಿಗುತ್ತಲ್ಲಮ್ಮ" ಎಂದ ಅವನು. ಕೆಟ್ಟವನೇನಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ.

ಡಿಪೋದ ಹಿತ್ತಲಲ್ಲಿ ಜಾಗ ಕೇಳಿದ್ದಾಯಿತು. ಎತ್ತಿದ ಕೂಡಲೇ ಎರಡು ಡ್ರಮ್ಮಿನ ತುಕ್ಕು ಹಿಡಿದ ತಳ ಕಳಚಿ ಬೇರುಗಳು ತುಂಡಾದವು. ಕೊನೆಯದನ್ನು ಗಂಡ ತಬ್ಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಎರಡನೇ ಮಹಡಿಯ ತಿರುವಿನಲ್ಲಿ ಮಂಡಿ ಕೈಕೊಟ್ಟಿತು. ಡ್ರಮ್ಮು ಉರುಳಿತು, ಅವನೂ ಉರುಳಿದ. ಬೇರಕ್ಕ ಕಿರುಚಿಕೊಂಡು ಓಡಿಬಂದಳು. ಅವನು ಕೈ ಚಾಚಿದ. ಅವಳು ಬಗ್ಗಿ ಬೇರುಗಳನ್ನು ಸೆರಗಿಗೆ ಬಾಚಿಕೊಂಡಳು. ಆಮೇಲೆ ನೆನಪಾಗಿ ಅವನ ಕೈ ಹಿಡಿದಳು. ಅಷ್ಟರಲ್ಲಿ ಅವನು ಗೋಡೆ ಹಿಡಿದು ಎದ್ದಿದ್ದ.

ತುಂಡಾದ ಬೇರು ಇನ್ನು ಬಲಿಯದೆಂದು ಸಂಜೆ ಅವಳು ಅದನ್ನೇ ಜಜ್ಜಿ ನೀರಿಗೆ ಹಾಕಿದಳು. ಮಂಡಿಗೆ ಬಟ್ಟೆ ಸುತ್ತಿಕೊಂಡು ಅವನೇ ಒಲೆಯ ಮುಂದೆ ಕೂತು ಉರಿ ಸಣ್ಣಗಿರಿಸಿದ. ನೀರು ಕುದಿದರೆ ಕೆಂಪು ಕಂದುಬಣ್ಣಕ್ಕೆ ತಿರುಗುತ್ತದೆಂದು ಅವನಿಗೂ ಬಾಯಿಪಾಠವಾಗಿತ್ತು. ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ನೆನೆಸಿಟ್ಟಿದ್ದ ಶಾಲನ್ನು ಅವಳು ಬಣ್ಣದಲ್ಲಿ ಅದ್ದಿದಳು, ಮತ್ತೆ ಮತ್ತೆ ಅದ್ದಿದಳು. ಹಿಂಡಿ ಹರವಿದಾಗ ಅಜ್ಜಿಯ ಚೂರನ್ನು ಪಕ್ಕಕ್ಕಿಟ್ಟು ನೋಡಿದಳು. ಇದು ತೊಳೆದ ಇಟ್ಟಿಗೆಯ ಬಣ್ಣ. ಎಳೇ ಬೇರು, ಅದೂ ಸಾಲದು. ಕೆದಕದೆ ಬಿಟ್ಟಿದ್ದರೆ ಸಾಕಾಗುತ್ತಿತ್ತೇನೋ. ಅವಳು ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಅವಳನ್ನು ಅಳಲು ಬಿಟ್ಟ.

ಅತ್ತು ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿದಳು. ಮೊಳಕೆಯಿದ್ದ ನಾಲ್ಕೈದು ತುಂಡುಗಳನ್ನು ಬೇರೆ ತೆಗೆದಿಟ್ಟಿದ್ದಳು.

"ರೀ, ಡಿಪೋದಲ್ಲಿ ಡ್ರಮ್ಮು ಇದಾವಾ? ಮೂರೇ ವರ್ಷ. ಈ ಸಲ ಮುಟ್ಟಲ್ಲ, ನಿಮ್ಮಾಣೆ."

ಇಷ್ಟು ವರ್ಷ ಕೇಳಿದ್ದಕ್ಕೆಲ್ಲ ಆಯ್ತು ಎಂದವನು ಒಲೆ ಆರಿಸಿದ.

"ಡ್ರಮ್ಮು ಬೇಕಾದಷ್ಟಿದಾವೆ ಕಣೇ. ಹೊರೋಕೆ ನಾನಿಲ್ಲ."

ಗೋಡೆ ಹಿಡಿದು ಒಳಗೆ ಹೋಗಿ ಮಲಗಿದ. ಬೇರಿನ ತುಂಡುಗಳು ಅವಳ ಮುಷ್ಟಿಯಲ್ಲಿದ್ದವು. ಮೆಟ್ಟಿಲ ಮೇಲೆ ಅವನು ಚಾಚಿದ್ದ ಕೈ ಆಗ ಕಣ್ಣಿಗೆ ಕಟ್ಟಿತು. ಆದರೂ ಮುಷ್ಟಿ ಬಿಚ್ಚಲು ಅವಳಿಂದಾಗಲಿಲ್ಲ.