ಗೆಡ್ಡೆಯ ಮನೆಹೆಸರು

ಮೊನ್ನೆ ಮೂರ್ನಾಡಿನ ಅಂಗಡಿಯೊಂದರಲ್ಲಿ ಯಾರೋ ನೆಲ್ಲಿಕಾಯಿ ವೈನಿನ ಬಾಟಲಿ ತೆರೆದರು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅತ್ತೆ ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಅತ್ತೆ ಎಂದರೆ ಸಂಬಂಧಿಯಲ್ಲ, ನಾನು ಕರೆಯುತ್ತಿದ್ದದ್ದು ಹಾಗೆ. ಮನೆಯಲ್ಲೇ ವೈನ್ ಮಾಡಿ ಮಾರುತ್ತಿದ್ದರು. ಹದ ನೋಡುವುದೆಲ್ಲ ಮೂಗಿನಿಂದ; ನಾಲಗೆಗೆ ಒಂದು ಹನಿ ತಾಗಿಸಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಅವರ ಲಿವರಿನಲ್ಲಿ ಗೆಡ್ಡೆ ಇದೆ ಎಂದು ಸುದ್ದಿಯಾಯಿತು ನೋಡಿ, ಊರು ಅಂದೇ ತೀರ್ಪು ಕೊಟ್ಟುಬಿಟ್ಟಿತು: ಮಾಡಿದ್ದರಲ್ಲಿ ಅರ್ಧ ತಾನೇ ಕುಡಿದಿರಬೇಕು. ಸ್ವಂತ ಮಗನೂ ಹೂಂ ಅಂದ.

ನಾನು ಮಡಿಕೇರಿಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಸೂಜಿ ಹಾಕಿ ತೆಗೆದ ಗೆಡ್ಡೆಯ ಚೂರು ನಮ್ಮಲ್ಲಿಂದ ಮೈಸೂರಿಗೆ ಹೋಯಿತು. ಅಲ್ಲಿ ಎಂತ ನೋಡುತ್ತಾರೆ ಎಂದು ಅತ್ತೆ ಕೇಳಿದರು. ಜೀವಕೋಶದೊಳಗೆ ಅದನ್ನು ಹಿಡಿದು ನಿಲ್ಲಿಸುವ ಸಣ್ಣ ಎಳೆಗಳಿರುತ್ತವೆ, ಕೆರಾಟಿನ್ ಅಂತ. ಲಿವರಿನ ಕೋಶದ ಎಳೆಗಳೇ ಬೇರೆ, ಲಿವರಿನೊಳಗೇ ಹಾದುಹೋಗುವ ಪಿತ್ತನಾಳದ್ದೇ ಬೇರೆ. ಬಣ್ಣ ಹಿಡಿಸಿ ನೋಡಿದರೆ ಗೆಡ್ಡೆ ಎಲ್ಲಿ ಹುಟ್ಟಿದ್ದೆಂದು ತಿಳಿಯುತ್ತದೆ ಎಂದೆ. ನಮ್ಮ ಕೊಡಗಿನಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು ಯಾವ ಮನೆಯವರೆಂದು. ಮನೆ ಗೊತ್ತಾದರೆ ಗುಣ, ನಡತೆ ಎಲ್ಲ ಗೊತ್ತಾದ ಹಾಗೆ. ಹಾಗಾದರೆ ಗೆಡ್ಡೆಯ ಮನೆಹೆಸರು ಕೇಳುವುದು ತಾನೇ ಎಂದು ಅತ್ತೆ ನಕ್ಕರು. ಆ ನಗುವಿನಲ್ಲಿ ಎಷ್ಟು ಆಸೆಯಿತ್ತೆಂದು ನನಗೆ ಆಗ ಹೊಳೆಯಲಿಲ್ಲ...

ರಿಪೋರ್ಟ್ ಬಂತು. ಪಿತ್ತನಾಳದಲ್ಲಿ ಕಾಣುವ ಏಳನೆಯ, ಹತ್ತೊಂಬತ್ತನೆಯ ನಂಬರಿನ ಕೆರಾಟಿನ್ ಎರಡೂ ಕಂದು ಬಣ್ಣ ಹಿಡಿದಿದ್ದವು. ಲಿವರಿನ ಕೋಶದ ಗುರುತು ಒಂದೂ ಇರಲಿಲ್ಲ. ದೇಹದಲ್ಲಿ ಬೇರೆಲ್ಲೂ ಮೂಲ ಸಿಗಲಿಲ್ಲ. ಪಿತ್ತನಾಳದ ಗೆಡ್ಡೆಯೇ ಎಂದರು ಡಾಕ್ಟರು. ಓಡಿ ಹೋಗಿ ಅತ್ತೆಗೆ ಹೇಳಿದೆ.

"ಹಂಗಾರೆ ನಾ ಕುಡ್ದಿಲ್ಲೆ ಅಂತ ಅದ್ರಲ್ಲಿ ಉಟ್ಟಾ ಮಗಾ?"

ಹಾಗೆಂದು ರಿಪೋರ್ಟಿನಲ್ಲಿ ಇಲ್ಲ ಅತ್ತೆ, ಎಲ್ಲಿ ಹುಟ್ಟಿತೆಂದು ಮಾತ್ರ ಅದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ ಎಂದೆ. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ನಾನು ಮಾತ್ರ ಸಿಕ್ಕಿದವರಿಗೆಲ್ಲ ಪಿತ್ತನಾಳ, ಪಿತ್ತನಾಳ ಎಂದು ಹೇಳಿಕೊಂಡು ತಿರುಗಿದೆ. ಕುಡಿದರೆ ಪಿತ್ತ ಕೆರಳದೆ ಇರುತ್ತದಾ ಎಂದರು! ಕಲ್ಲಿನ ಮೇಲೆ ನೀರು ಹೊಯ್ದಂತೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಅತ್ತೆ ಹೆಚ್ಚು ದಿನ ಉಳಿಯಲಿಲ್ಲ...

ಈ ವರ್ಷ ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟಾಗ ನನ್ನನ್ನೂ ಕರೆದಿದ್ದರು. ತೀರಿಹೋದ ಒಬ್ಬೊಬ್ಬರಿಗೂ ಎಲೆ, ಕೋಳಿಸಾರು, ಕಡುಬು, ಗ್ಲಾಸಿನಲ್ಲಿ ಒಂದಿಷ್ಟು ಬ್ರಾಂಡಿ. ಅತ್ತೆಯ ಎಲೆಯ ಹತ್ತಿರ ಬಂದಾಗ ಮಗನ ಕಣ್ಣು ತುಂಬಿತ್ತು. ಪ್ರೀತಿಯಿಂದಲೇ ಹೇಳಿದ, ಅದೇ ನನಗೆ ತಡೆಯಲಾಗದ್ದು:

"ಅವ್ವಂಗೆ ಸ್ವಲ್ಪ ಜಾಸ್ತಿ ಹಾಕಿ."

ಅವರು ಕುಡಿಯುತ್ತಿರಲಿಲ್ಲ ಎಂದೆ. ಈಗ ಅದೆಲ್ಲ ಎಂತಕ್ಕೆ ಎಂದು ಯಾರೋ ನನ್ನ ಕೈ ಹಿಡಿದು ಕೂರಿಸಿದರು. ಗ್ಲಾಸು ತುಂಬಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು, ಅತ್ತೆ ಬಂದು ಕುಡಿಯಲೆಂದು.